ಜಾಡಿ ನಂಬರ್ ಹದಿನೇಳು

ಪ್ರಾಣಿಶಾಸ್ತ್ರದ ಬೀರು ಖಾಲಿ ಮಾಡಿಸಿದ ದಿನ
ಗುಜರಿಯವನು ಗಾಜಿಗೆ ಕಿಲೋಗೆ ಎರಡು ರೂಪಾಯಿ ಅಂದ.
ಒಂದು ಜಾಡಿ ನಾನು ಆಚೆ ಇಟ್ಟೆ.
"ತಗೊಂಡು ಹೋಗು ಚೌಡಮ್ಮ, ಆ ವಾಸನೆ ಯಾರಿಗೆ ಬೇಕು"
ಅಂದರು ಮೇಡಂ, ಮೂಗು ಮುಚ್ಚಿಕೊಂಡೇ.

ಇಪ್ಪತ್ತಾರು ವರ್ಷ ಅದರೊಳಗೆ ಒಂದು ಕಪ್ಪೆ
ಒಂದು ಕೈ ಮೇಲೆತ್ತಿ
ಮುಳಬಾಗಿಲು ಬಸ್ಸಿಗೆ ಕೈ ತೋರುವವನ ಹಾಗೆ
ಫಾರ್ಮಲಿನ್ನಿನಲ್ಲಿ ನಿಂತಿತ್ತು.
ಔಷಧಿ ಇಳಿದಾಗಲೆಲ್ಲ ತುಂಬಿಸಿದವಳು ನಾನೇ.
ಅದರ ಹೊಟ್ಟೆಯ ಹೊಲಿಗೆ ನನಗೆ ಬಾಯಿಪಾಠ.
ಸೈಕಲ್ ಸ್ಟ್ಯಾಂಡಿನ ಹಿಂದಿನ ಹೊಂಗೆ ಬುಡದಲ್ಲಿ ಹೂತೆ,
ಯಾರೂ ನೋಡದಾಗ, ಒಂದು ಹಿಡಿ ಮಣ್ಣು ಜಾಸ್ತಿ ಹಾಕಿ.

ಕಾಲೇಜಿನ ನಲ್ಲಿಯಲ್ಲೇ ಏಳು ಸಲ ತೊಳೆದೆ:
ಹುಣಸೆಹಣ್ಣು, ಬೂದಿ, ಸೀಗೆಪುಡಿ, ಮತ್ತೆ ಹುಣಸೆಹಣ್ಣು.
ತಾರಸಿಯ ಮೇಲೆ ಹದಿನೈದು ದಿನ ಕೋಲಾರದ ಬಿಸಿಲು.
ತಲೆ ಒಳಗಿಟ್ಟು ಉಸಿರೆಳೆದೆ.
ಕಣ್ಣು ಉರಿಯಲಿಲ್ಲ.
ಹೇಳಿಯೇ ತಂದದ್ದು, ಆದರೂ
ಗೌರಿಪೇಟೆಯ ತನಕ ಸೆರಗು ಮುಚ್ಚಿಕೊಂಡು ನಡೆದೆ.

ತಳಕ್ಕೆ ಬೆಣಚುಕಲ್ಲು. ನಮ್ಮೂರಲ್ಲಿ ಕಲ್ಲಿಗೇನು ಬರ?
ಮೇಲೆ ಇದ್ದಿಲು, ಇಸ್ತ್ರಿ ಅಂಗಡಿಯ ಮುನಿವೆಂಕಟನದು,
"ಯಾವ ಊದುಬತ್ತಿಗಕ್ಕಾ" ಅಂತ ಕೇಳಿದ, ಕಾಸು ತೆಗೆದುಕೊಳ್ಳಲಿಲ್ಲ.
ಹರಿದ ಸೊಳ್ಳೆಪರದೆಯ ಒಂದು ತುಂಡು.
ಅದರ ಮೇಲೆ ಜರಡಿ ಹಿಡಿದ ಮಣ್ಣು, ಗೊಬ್ಬರ ಇಲ್ಲದ್ದು,
ಬಡ ಮಣ್ಣಿಗೆ ಬೂಷ್ಟು ತಡವಾಗಿ ಬರುತ್ತದೆ.
ಅಂತರಗಂಗೆಯ ಮೆಟ್ಟಿಲ ಸಂದಿಯಿಂದ
ಉಗುರಲ್ಲಿ ಎಬ್ಬಿಸಿದ ಪಾಚಿ, ಕಡ್ಡಿಯಷ್ಟು ಜರಿಗಿಡ
ಒದ್ದೆ ಕರ್ಚೀಫಿನಲ್ಲಿ ಬಂದವು.

ಒಳಗಿಳಿಸಿದ್ದು ಹಳೆಯ ಚಿಮಟದಲ್ಲಿ.
ಹುಡುಗಿಯರ ಕೈ ನಡುಗಿದಾಗ ಇದರಲ್ಲೇ
ಎಷ್ಟು ಎದೆಗೂಡು ಬಿಡಿಸಿ ಕೊಟ್ಟಿಲ್ಲ ನಾನು,
ಬಡಿಯುತ್ತಿದ್ದ ಗುಂಡಿಯಷ್ಟು ಹೃದಯ ತೋರಿಸಿ
"ಬರಕೊಳ್ಳಿ, ಮೂರು ಕೋಣೆ" ಎಂದು.
ಬೇರು ಊರುವಾಗ ನನ್ನ ಕೈ ನಡುಗಿತು.

ಟ್ಯಾಂಕರ್ ಬರುವ ಗುರುವಾರ
ಬೀದಿಯಲ್ಲಿ ಹದಿನೆಂಟು ಕೊಡ, ಹದಿನೆಂಟು ಜಗಳ.
ಇದಕ್ಕೆ ಮೂರು ಚಮಚ.
ಆಮೇಲೆ ಮುಚ್ಚಳ.
ಅದೇ ನೀರು ಏರಿತು, ಗಾಜಿಗೆ ಅಂಟಿತು, ಜಾರಿತು,
ಮಣ್ಣು ಕುಡಿಯಿತು, ಎಲೆ ಬೆವರಿತು.
ಎರಡು ತಿಂಗಳಾಯಿತು, ಇನ್ನೂ ಅದೇ ಮೂರು ಚಮಚ.

"ಏಮೇ ಇದಿ, ಪೂವು ಲೇದು ಕಾಯ ಲೇದು" ಎಂದ ಅತ್ತೆ
ಈಗ ಬೆಳಗೆದ್ದು ಮೊದಲು ಜಾಡಿಯ ಮುಂದೆ.
ಪೊರೆ ಬಂದ ಕಣ್ಣು ಹತ್ತಿರ ತಂದು
ಸೆರಗಿನ ತುದಿಯಲ್ಲಿ ಒರೆಸುತ್ತಾರೆ, ಒರೆಸುತ್ತಾರೆ.
ಮಂಜು ಒಳಗಿದೆ ಅತ್ತೆ, ಅಂದರೆ
ನನ್ನದಾ ಅದರದಾ, ಅಂತ ಕೇಳುತ್ತಾರೆ.

ಬೂಷ್ಟು ಬಂದೇ ಬಂತು, ಮೂರನೇ ವಾರ,
ಹತ್ತಿ ಹಿಂಜಿದ ಹಾಗೆ, ಜರಿಯ ಬುಡಕ್ಕೆ.
ಎರಡು ದಿನ ಮುಚ್ಚಳ ತೆಗೆದಿಟ್ಟೆ,
ಕೆಟ್ಟ ಎಲೆ ಕಿತ್ತೆ, ಚಿಟಿಕೆ ಚಕ್ಕೆಪುಡಿ ಉದುರಿಸಿದೆ.
ಮನೆಯೆಲ್ಲ ಪಲಾವಿನ ಘಮ. ಹಂಸವೇಣಿ
ಶಾಲೆಯಿಂದ ಬಂದವಳೇ ತಟ್ಟೆ ಇಟ್ಟುಕೊಂಡು ಕೂತಳು,
ಮುದ್ದೆ ನೋಡಿ ಮುಖ ಊದಿಸಿದಳು.

ಪಡುವಣ ಕಿಟಕಿ ಬೇಡ, ಬೆಂದುಹೋಗುತ್ತದೆ.
ಹೊಲಿಗೆ ಮೆಷಿನ್ನಿನ ಮೇಲೆ, ಬಡಗಣ ಬೆಳಕಲ್ಲಿ ಇದೆ.
ಗಾಜು ತೀರಾ ಮಬ್ಬಾದರೆ ಅರ್ಧ ಗಂಟೆ ತೆರೆಯುತ್ತೇನೆ,
ಗೋಡೆಗೆ ಒರಗಿದ ಎಲೆ ಕತ್ತರಿಸುತ್ತೇನೆ.
ಅಷ್ಟೇ ಕೆಲಸ. ಜಾಸ್ತಿ ಪ್ರೀತಿ ಮಾಡಿದರೆ ಕೊಳೆಯುತ್ತದೆ.

ನಡುವೆ ಒಂದು ಕಡೆ ಮಾತ್ರ, ಹೆಬ್ಬೆರಳಗಲ,
ಪಾಚಿ ಹಿಡಿಯುವುದಿಲ್ಲ.
ನಾಲ್ಕು ಸಲ ನೆಟ್ಟೆ, ನಾಲ್ಕು ಸಲ ಹಳದಿ.
ಹಂಸವೇಣಿ ಪ್ಲಾಸ್ಟಿಕ್ ಕಪ್ಪೆ ತಂದಿದ್ದಳು, ಹತ್ತು ರೂಪಾಯಿಯದು,
ಅಲ್ಲಿ ಕೂರಿಸೋಣ ಅಂದಳು.
ಬೇಡ ಅಂದದ್ದು ಸ್ವಲ್ಪ ಜೋರಾಯಿತು.

"ಯಾರೋ ಈಗ ತಾನೆ ಎದ್ದು ಹೋದ ಹಾಗಿದೆ ಕಣೆ"
ಅಂದರು ಅತ್ತೆ ನೆನ್ನೆ, ಆ ಜಾಗ ನೋಡಿ.
ನಾನು ಸೊಪ್ಪು ಬಿಡಿಸುತ್ತಾ ಹೂಂ ಅಂದೆ.
ಗಾಜಿಗಂಟಿದ ಚೀಟಿ ಓದಲು ಅವರಿಗೆ ಬರದು.
ಬಿಸ್ಕತ್ತಿನ ಜಾಡಿ ಅಂತಲೇ ಹೇಳಿದ್ದೇನೆ.